ಹುಳುಮನೆಯಲ್ಲಿ ಹಚ್ಚಿದ ಸಾಂಬ್ರಾಣಿ

ಒಂದು ಪ್ರಾರ್ಥನೆಗೆ ಎಷ್ಟು ಸೆಕೆಂಡು ಹಿಡಿಯುತ್ತದೆ ಎಂದು ಕೈಗಡಿಯಾರ ನೋಡಿಕೊಂಡು ಅಳೆದದ್ದು ನನ್ನ ಜೀವಮಾನದಲ್ಲಿ ಆ ಒಂದು ವರ್ಷ ಮಾತ್ರ. ಚನ್ನಪಟ್ಟಣದಲ್ಲಿ ನಾನು ಕಾನ್ವೆಂಟ್ ಸ್ಕೂಲಿನಿಂದ ರಿಟೈರ್ ಆಗಿ ಸುಮ್ಮನೆ ಕೂತಿದ್ದೆ. ರಾಮನಗರ ಬೇರೆ ಜಿಲ್ಲೆ ಆಗುತ್ತದಂತೆ ಎಂಬ ಮಾತು ಇನ್ನೂ ಗಾಳಿಯಲ್ಲಿತ್ತು. ಬಿಡದಿ ಕಡೆ ಫ್ಯಾಕ್ಟರಿಗಳು ಒಂದರ ಪಕ್ಕ ಒಂದು ಎದ್ದಿದ್ದವು. ಕಂಪನಿ ಬಸ್ಸುಗಳು ನಮ್ಮೂರಿನವರೆಗೂ ಬಂದು ಹೆಣ್ಣುಮಕ್ಕಳನ್ನು ತುಂಬಿಕೊಂಡು ಹೋಗುತ್ತಿದ್ದವು. ಒಂದು ಭಾನುವಾರ ಪೂಜೆ ಮುಗಿದ ಮೇಲೆ ಫಾದರ್ ನನ್ನನ್ನು ಚರ್ಚಿನ ಪಕ್ಕದ ಬಾಗಿಲಲ್ಲಿ ನಿಲ್ಲಿಸಿಕೊಂಡರು.

"ಮಿಸ್, ಸಂಜೆ ಜಪಸರ ಹೇಳುವ ಮನೆಗಳು ಕಡಿಮೆಯಾಗುತ್ತಿವೆ. ಅಪ್ಪನಿಗೆ ಸೆಕೆಂಡ್ ಶಿಫ್ಟ್, ಮಗಳಿಗೆ ಫಸ್ಟ್ ಶಿಫ್ಟ್. ಒಟ್ಟಿಗೆ ಮಂಡಿಯೂರುವುದು ಯಾವಾಗ? ಒಬ್ಬೊಬ್ಬರೇ ಹೇಳಿಕೊಳ್ಳುವ ಹಾಗೆ ಒಂದು ಚಿಕ್ಕ ಪುಸ್ತಕ ಮಾಡಿಕೊಡಿ. ಕೆಲಸಕ್ಕೆ ಹೊರಡುವಾಗ, ಒಲೆ ಹಚ್ಚುವಾಗ, ಮಗುವಿಗೆ ಹುಷಾರಿಲ್ಲದಾಗ."

"ಕನ್ನಡದಲ್ಲಾ ಫಾದರ್?"

"ಇನ್ನೇನು, ಲ್ಯಾಟಿನ್‌ನಲ್ಲಾ?" ಎಂದು ನಕ್ಕರು. ನನ್ನ ವಿದ್ಯಾರ್ಥಿಯಾಗಿರಬಹುದಾದ ವಯಸ್ಸಿನವರು. ಒಪ್ಪಿಕೊಂಡೆ.

ಒಂದು ಲಾಂಗ್ ನೋಟ್‌ಬುಕ್ ತಂದು ಎಡಗಡೆಯ ಪುಟದಲ್ಲಿ ಕೆಲಸದ ಹೆಸರು, ಬಲಗಡೆ ಪ್ರಾರ್ಥನೆ ಎಂದು ಗೆರೆ ಹಾಕಿದೆ. ಬಸ್ಸು ಹತ್ತುವವರು, ಬೊಂಬೆ ಕಡೆಯುವವರು, ಆಸ್ಪತ್ರೆಯಲ್ಲಿ ಕಾಯುವವರು, ಹೊಲ ಉಳುವವರು, ರೇಷ್ಮೆಹುಳು ಸಾಕುವವರು. ಮಾದರಿಗೆ ನನ್ನ ಹತ್ತಿರ ಒಂದು ಹಳೆಯ ಇಂಗ್ಲಿಷ್ ಪ್ರಾರ್ಥನೆ ಪುಸ್ತಕವಿತ್ತು. ಹತ್ತನೇ ಕ್ಲಾಸಿನಲ್ಲಿ ಮದರ್ ಸುಪೀರಿಯರ್ ಕೊಟ್ಟದ್ದು, ಕಪ್ಪು ಚರ್ಮದ ರಟ್ಟು, ನಡುವೆ ರಿಬ್ಬನ್. ಅದರಲ್ಲಿ ಪ್ರತಿ ಪ್ರಾರ್ಥನೆಯ ತಲೆಯ ಮೇಲೆ ಸಣ್ಣ ಕೆಂಪು ಅಕ್ಷರದಲ್ಲಿ ಒಂದು ಅಪ್ಪಣೆ ಇರುತ್ತಿತ್ತು: ಮಂಡಿಯೂರಿ, ಕ್ಯಾಂಡಲ್ ಹಚ್ಚಿ, ಕಣ್ಣು ಮುಚ್ಚಿ. ರೂಬ್ರಿಕ್ ಅನ್ನುತ್ತಾರೆ ಅದಕ್ಕೆ. ಕೆಂಪು ಅಕ್ಷರವಿಲ್ಲದ ಪ್ರಾರ್ಥನೆ ನನ್ನ ಕಣ್ಣಿಗೆ ಯೂನಿಫಾರ್ಮ್ ಹಾಕದೆ ಬಂದ ಹುಡುಗಿಯ ಹಾಗೆ. ಹಾಗಾಗಿ ನಮ್ಮ ಪುಸ್ತಕಕ್ಕೂ ಒಂದೊಂದು ಅಪ್ಪಣೆ ಬರೆದೆ. ನಮ್ಮ ಜನಕ್ಕೆ ಹತ್ತಿರವಾಗಲಿ ಎಂದು ಕ್ಯಾಂಡಲ್ ಇದ್ದ ಕಡೆ ಕೆಲವಕ್ಕೆ ದೀಪ, ಕೆಲವಕ್ಕೆ ಸಾಂಬ್ರಾಣಿ ಹಾಕಿದೆ.

ಬರೆದದ್ದನ್ನು ಬಾಯಿಬಿಟ್ಟು ಓದಿ ನೋಡಬೇಕು ಎಂಬುದು ಟೀಚರ್ ಕೆಲಸ ಕಲಿಸಿದ ಪಾಠ. ಬಸ್ಸಿನ ಪ್ರಾರ್ಥನೆಯನ್ನು ತೆಗೆದುಕೊಂಡು ಬೆಳಿಗ್ಗೆ ಕಂಪನಿ ಬಸ್ಸು ನಿಲ್ಲುವ ಕಡೆ ಹೋಗಿ ನಿಂತೆ. ನಮ್ಮ ಚರ್ಚಿನ ಹುಡುಗಿಯೊಬ್ಬಳು ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು, ನನ್ನ ಹಳೆಯ ಸ್ಟೂಡೆಂಟು. ಕೈಗೆ ಹಾಳೆ ಕೊಟ್ಟು, ಹೇಳು ಎಂದು ಗಡಿಯಾರ ನೋಡಿದೆ. ಅರ್ಧ ಪುಟ ದಾಟುವುದರೊಳಗೆ ಬಸ್ಸು ಬಂತು. ಅವಳು ಫುಟ್‌ಬೋರ್ಡಿನ ಮೇಲೆ ನಿಂತು ಹಾಳೆ ವಾಪಸ್ ಕೊಟ್ಟಳು.

"ಮಿಸ್, ತುಂಬಾ ಚೆನ್ನಾಗೈತೆ. ಆದ್ರೆ ಇದು ಮುಗಿಯೋ ಹೊತ್ಗೆ ಗೇಟ್ ಕ್ಲೋಸ್ ಆಯ್ತದೆ. ದೇವ್ರು ಒಳಗಿರ್ತಾನೆ, ನಾನು ಹೊರಗಿರ್ತೀನಿ."

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಮನೆಗೆ ಬಂದು ನಾಲ್ಕು ನಿಮಿಷದ್ದನ್ನು ನಲವತ್ತು ಸೆಕೆಂಡಿಗೆ ಇಳಿಸಿದೆ. ವಿಶೇಷಣಗಳನ್ನೆಲ್ಲ ಹೊಡೆದುಹಾಕಿದ ಮೇಲೆ ಉಳಿದದ್ದು ಇಷ್ಟು: ಸ್ವಾಮಿ, ಹೋಗುತ್ತಿದ್ದೇನೆ, ಜೊತೆಗಿರು; ಮನೆಯಲ್ಲಿ ಉಳಿದವರ ಜೊತೆಗೂ ಇರು. ನನಗೆ ಅದು ಟೆಲಿಗ್ರಾಂ ಹಾಗೆ ಕಂಡಿತು. ಅವಳಿಗೆ ಹಿಡಿಸಿತು. ಉಳಿದ ಪ್ರಾರ್ಥನೆಗಳನ್ನೂ ಹೀಗೇ ಒಬ್ಬೊಬ್ಬರ ಕೈಯಲ್ಲಿ ಓದಿಸಿ ನೋಡಬೇಕಿತ್ತು. ಬಸ್‌ಸ್ಟಾಪು ಮನೆಯಿಂದ ಹತ್ತು ಹೆಜ್ಜೆ, ಅದಕ್ಕೆ ಹೋದೆ. ರೇಷ್ಮೆ ಸಾಕುವ ಹುಳುಮನೆ ಹತ್ತು ಮೈಲಿ, ಹೋಗಲಿಲ್ಲ. ವಿಷಯ ಅಷ್ಟೇ.

ಟೈಪಿಂಗ್ ಕೆಲಸಕ್ಕೆ ಒಂದು ಡಿಟಿಪಿ ಅಂಗಡಿ ಹಿಡಿದೆ. ನಡೆಸುತ್ತಿದ್ದವರು ನಲವತ್ತು ದಾಟಿದ ಒಬ್ಬ ಹೆಂಗಸು, ಗೌಡರ ಪೈಕಿ. ಕಂಪ್ಯೂಟರ್ ಪಕ್ಕದಲ್ಲೇ ಅವರೆಕಾಯಿ ಸುಲಿಯುತ್ತಾ ಟೈಪ್ ಮಾಡುತ್ತಿದ್ದರು. ಒತ್ತಕ್ಷರಗಳು ಪ್ರಿಂಟಿನಲ್ಲಿ ಒಂದು ಕಡೆ ಜಾರಿದರೆ ಮತ್ತೆ ಎಲ್ಲ ಸರಿಮಾಡಬೇಕು. ನಾಲ್ಕು ಸಲ ಪ್ರೂಫ್ ನೋಡಿದೆ.

"ಮೇಡಂ, ಆಮೆನ್ ಪ್ರತಿ ಸಲ ಟೈಪ್ ಮಾಡ್ಲಾ, ಇಲ್ಲ ಕಾಪಿ ಪೇಸ್ಟ್ ಮಾಡ್ಬುಡ್ಲಾ? ದೇವ್ರಿಗೇನೂ ಬೇಜಾರಿಲ್ವಲ್ಲ?"

"ಪೇಸ್ಟ್ ಮಾಡಿ. ನೀಟಾಗಿರಲಿ."

ಹುಳುಮನೆಯ ಪ್ರಾರ್ಥನೆಗೆ ಬಂದಾಗ ಅವರ ಕೈ ನಿಂತಿತು. ಅದರ ಕೆಂಪು ಅಕ್ಷರ ಹೀಗಿತ್ತು: 'ಹುಳುಮನೆಯಲ್ಲಿ ಸಾಂಬ್ರಾಣಿ ಹಾಕಿ, ನಾಲ್ಕು ಮೂಲೆಗೂ ಹೊಗೆ ತೋರಿಸಿ, ಮೂರು ದಿನ ಈ ಪ್ರಾರ್ಥನೆ ಹೇಳಿರಿ.'

"ಮೇಡಂ, ನಮ್ಮ ತವರುಮನೇಲೂ ಹುಳ ಸಾಕ್ತಾರೆ. ಹೊಗೆ ಆಗಲ್ಲ ಅಲ್ವಾ ಅದಕ್ಕೆ?"

ನಾನು ಕ್ಲಾಸಿನಲ್ಲಿ ಉತ್ತರ ಕೊಡುತ್ತಿದ್ದ ಧ್ವನಿಯಲ್ಲೇ ಕೊಟ್ಟೆ. "ಇದು ಸಾಂಬ್ರಾಣಿ ಅಮ್ಮ, ಸಿಗರೇಟಲ್ಲ. ಸ್ಕ್ರಿಪ್ಟ್‌ನಲ್ಲಿ ಇರುವ ಹಾಗೆ ಟೈಪ್ ಮಾಡಿ."

"ನಿಮ್ಮ ದೇವರ ಪದ್ಧತಿ ನಂಗೇನು ಗೊತ್ತು ಬುಡಿ," ಎಂದು ಅವರು ಟೈಪ್ ಮಾಡಿದರು.

ರೇಷ್ಮೆಗೂಡಿನ ಮಾರ್ಕೆಟ್ ವಾಸನೆ ಗೊತ್ತಿತ್ತು, ಗೂಡು ಹೇರಿದ ಟೆಂಪೋ ಕ್ಲಾಸಿನ ಕಿಟಕಿಯ ಕೆಳಗೇ ದಿನಾ ಹೋಗುತ್ತಿತ್ತು. ಇಷ್ಟು ವರ್ಷವಾಗಿದ್ದರೂ ಒಂದು ಹುಳುಮನೆಯ ಒಳಗೆ ನಾನು ಕಾಲಿಟ್ಟಿರಲಿಲ್ಲ.

ಟ್ರಯಲ್ ಎಂದು ಇನ್ನೂರು ಪ್ರತಿ ಮಾಡಿಸಿದೆವು. ಮೊದಲ ಪುಟದಲ್ಲಿ 'ಭಕ್ತಿಯಿಂದ ಬಳಸಿರಿ' ಎಂದು ಬರೆದು ಫಾದರ್ ಸಹಿ ಹಾಕಿದ್ದರು. ಭಾನುವಾರ ಕಟ್ಟುಗಳನ್ನು ಪೀಠದ ಮುಂದೆ ಇಟ್ಟು, ತೀರ್ಥ ಚಿಮುಕಿಸಿ, ಸಾಲಿನಲ್ಲಿ ಹಂಚಿದರು. ಅಂಗೈಯಗಲದ ನೀಲಿ ಪುಸ್ತಕ. ಹೆಂಗಸರು ಕಣ್ಣಿಗೊತ್ತಿಕೊಂಡು ತೆಗೆದುಕೊಂಡರು. ನನಗೆ ಪ್ರೈಜ್ ಡೇ ನೆನಪಾಯಿತು.

ಮೂರು ವಾರ ಕಳೆಯಿತು. ಹಳ್ಳಿಗಳಲ್ಲಿ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುವ ಉಪದೇಶಿ ಒಂದು ಮಧ್ಯಾಹ್ನ ಮೊಪೆಡ್ ನಿಲ್ಲಿಸಿ ಒಳಗೆ ಬಂದರು. ಕೂರಲಿಲ್ಲ.

"ಮಿಸ್, ಹೊಂಗನೂರು ಕಡೆ ಚಾಕಿ ಅಕ್ಕ ಗೊತ್ತಲ್ಲ? ನಿಮ್ಮ ಪುಸ್ತಕದ ಪ್ರಕಾರ ಸಾಂಬ್ರಾಣಿ ಹಾಕಿದಾರೆ. ಹುಳ ಎಲ್ಲಾ ಹೋದ್ವು."

ಚಾಕಿ ಅಕ್ಕನನ್ನು ಚರ್ಚಿನಲ್ಲಿ ನೋಡಿ ಗೊತ್ತಿತ್ತು. ಸೆರಗು ತಲೆಯ ಮೇಲೆಳೆದು ಹಿಂದಿನ ಬೆಂಚಿನಲ್ಲಿ ಕೂರುವ, ಐವತ್ತರ ಆಸುಪಾಸಿನ ಹೆಂಗಸು. ರೇಷ್ಮೆ ಮೊಟ್ಟೆಯೊಡೆದು ಎಳ್ಳಿಗಿಂತ ಸಣ್ಣ ಮರಿಗಳು ಹೊರಬಂದಾಗ, ಕೋಳಿಪುಕ್ಕದಿಂದ ಮೆಲ್ಲಗೆ ಗುಡಿಸಿ ಮೊದಲ ಎಳೆ ಸೊಪ್ಪಿನ ಮೇಲೆ ಬಿಡುವುದನ್ನು ಚಾಕಿ ಕಟ್ಟುವುದು ಅನ್ನುತ್ತಾರೆ. ಆ ಊರಿನಲ್ಲಿ ಕ್ರೈಸ್ತರ ಮನೆ ಆರೋ ಏಳೋ, ಉಳಿದವೆಲ್ಲ ಒಕ್ಕಲಿಗರವು. ಆದರೆ ಯಾರ ಮನೆಗೆ ಮೊಟ್ಟೆ ಬಂದರೂ ಚಾಕಿ ಕಟ್ಟಲು ಈಕೆಯನ್ನೇ ಕರೆಯುವ ರೂಢಿ. ಕೈಗುಣ ಒಳ್ಳೆಯದು ಎಂಬ ಮಾತು. ಅದರಿಂದಲೇ ಆ ಹೆಸರು.

ಮಾರನೆಯ ದಿನ ಬಸ್ಸು ಹಿಡಿದು ಹೋದೆ. ಮನೆಯ ಪಕ್ಕದಲ್ಲೇ ಹುಳುಮನೆ. ಬಾಗಿಲಲ್ಲಿ ಗೋಣಿಚೀಲ ಹಾಸಿ ಸುಣ್ಣ, ಬ್ಲೀಚಿಂಗ್ ಪೌಡರ್ ಚೆಲ್ಲಿದ್ದರು. ಒಳಗೆ ಹೋಗುವವರು ಅದರಲ್ಲಿ ಕಾಲಿಟ್ಟೇ ಹೋಗಬೇಕು. ಚಾಕಿ ಅಕ್ಕನ ಪಾದಗಳು ಕಣಕಾಲಿನವರೆಗೂ ಬೆಳ್ಳಗಿದ್ದವು. ಹುಳು ಮೇಯಿಸುವ ತಟ್ಟೆಗಳನ್ನು ಹೊರಗೆ ತಂದು ತೊಳೆಯುತ್ತಿದ್ದರು. ನಾನು ಅಭ್ಯಾಸಬಲದಿಂದ ಹೊಸಿಲಿನ ಕಡೆ ಹೆಜ್ಜೆಯಿಟ್ಟೆ.

"ಅಲ್ಲೇ ನಿಂತ್ಕಳಿ ಟೀಚರಮ್ಮ. ಹೊರಗಿನೋರು ಒಳಕ್ ಬರಂಗಿಲ್ಲ," ಅಂದರು. ಸತ್ತ ಹುಳುವಿನ ಮನೆಗೂ ಆ ನಿಯಮ ನಡೆಯುತ್ತಿತ್ತು. ನಿಂತೆ.

"ಹೊಗೆ ಆಗುವುದಿಲ್ಲ ಎಂದು ನಿಮಗೆ ಗೊತ್ತಿರಲಿಲ್ಲವೆ?"

"ಗೊತ್ತಿಲ್ದೆ ಏನು? ಬೀಡಿ ಸೇದ್ದೋರ್ನ ನಮ್ಮ ಜಗಲಿ ಮ್ಯಾಕೂ ಬುಡಾಕಿಲ್ಲ ನಾನು. ನನ್ನ ಗಂಡನ್ನೂ ಬುಡಾಕಿಲ್ಲ, ಕೇಳಿ ಬೇಕಾದ್ರೆ."

"ಮತ್ತೆ ಯಾಕೆ ಹಚ್ಚಿದಿರಿ?"

ಅವರು ತಟ್ಟೆ ತಿಕ್ಕುವುದನ್ನು ನಿಲ್ಲಿಸಲಿಲ್ಲ. "ಪುಸ್ತಕದಾಗೆ ಐತಲ್ಲ. ಫಾದರ್ ಸೈನ್ ಐತೆ, ತೀರ್ಥ ಬಿದ್ದೈತೆ. ಹುಳಿನ ಇಚಾರ ನಂಗೊತ್ತು, ದೇವ್ರ ಇಚಾರ ನಿಮಗೊತ್ತು. ಒಲೆ ಹೊಗೆ ಬ್ಯಾರೆ, ದೇವ್ರ ಹೊಗೆ ಬ್ಯಾರೆ ಅಂದ್ಕಂಡೆ. ಮೊದಲ್ನೆ ದಿನವೇ ಹುಳ ಸೊಪ್ಪು ಮುಟ್ನಿಲ್ಲ, ತಲೆ ಎತ್ಕಂಡು ಕೂತ್ಬುಟ್ವು. ನಂಬಿಕೆ ಸಾಲ್ದೇನೋ ಅಂತ ಮಾರ್ನೆ ದಿನ ಒಸಿ ಜಾಸ್ತಿ ಹಾಕ್ದೆ."

ಆ ಹುಳುಗಳು ಗೂಡು ಕಟ್ಟುವುದಕ್ಕೆ ಇನ್ನು ನಾಲ್ಕೇ ದಿನ ಬಾಕಿಯಿತ್ತಂತೆ.

ಜಗಲಿಯ ಮೇಲೆ ಕೂತಿದ್ದ ಆಕೆಯ ಗಂಡ ಬಾಯಿ ತೆಗೆದರು. "ಬೆಳೆ ಹೋಗದು ಇದ್ದದ್ದೇ ಕಣವ್ವ. ಊರ್ನಾಗೆ ಇವಳ ಕೈಗುಣ ಹೋಯ್ತು ಅಂತಾವ್ರೆ. ಎದುರುಮನೆ ಗೌಡರಿಗೆ ಬರೋ ವಾರ ಮೊಟ್ಟೆ ಬತ್ತವೆ. ಇಪ್ಪತ್ತು ವರ್ಷದಿಂದ ಇವಳೇ ಚಾಕಿ ಕಟ್ತಿದ್ದದ್ದು. ಈ ಸಲ ಪಕ್ಕದೂರೋಳಿಗೆ ಹೇಳ್ಕಳ್ಸವ್ರೆ."

"ಹುಳ ಹೋದ್ರೆ ಇನ್ನೊಂದು ಬೆಳೆ ಬತ್ತದೆ," ಎಂದರು ಚಾಕಿ ಅಕ್ಕ. "ಕೈ ಹೋದ್ರೆ?"

ಕಾಫಿ ಕೊಟ್ಟರು. ಕುಡಿದೆ. ವಾಪಸ್ ಬರುವಾಗ ಬಸ್ಸಿನಲ್ಲಿ ಡಿಟಿಪಿ ಹೆಂಗಸಿನ ಪ್ರಶ್ನೆ, ನನ್ನ ಉತ್ತರ ಎರಡೂ ಕಿವಿಯಲ್ಲಿದ್ದವು.

ಫಾದರ್ ಪೂರ್ತಿ ಕೇಳಿದರು. "ಮಿಸ್, ಸಹಿ ನನ್ನದೂ ಇದೆ. ತಪ್ಪು ಇಬ್ಬರದ್ದು. ತಿದ್ದುಪಡಿ ಚೀಟಿ ಮಾಡಿ ಆ ಸಾಲಿನ ಮೇಲೆ ಅಂಟಿಸೋಣ. ಭಾನುವಾರ ನಾನೇ ಅನೌನ್ಸ್ ಮಾಡುತ್ತೇನೆ." ಒಳ್ಳೆಯ ಮನುಷ್ಯ. ನನಗೂ ಅದು ಸಾಕು ಅನ್ನಿಸಿತು. ಚೀಟಿಗಳನ್ನು ಕತ್ತರಿಸಿದೆ, ಮೈದಾ ಅಂಟು ಕಾಯಿಸಿದೆ, ಹಂಚದೆ ಉಳಿದಿದ್ದ ಪ್ರತಿಗಳಿಗೆಲ್ಲ ಸ್ಕೇಲ್ ಇಟ್ಟು ನೇರವಾಗಿ ಅಂಟಿಸಿದೆ. ಭಾನುವಾರ ಫಾದರ್ ಹೇಳಿದ ಮೇಲೆ ನಾನೂ ಎದ್ದು ನಿಂತು, ಬರೆದದ್ದು ನಾನು, ತಪ್ಪು ನನ್ನದು ಎಂದೆ. ಒಳಗೊಳಗೇ ಸಮಾಧಾನವೂ ಆಯಿತು, ಕನ್ಫೆಷನ್ ಮುಗಿಸಿ ಬಂದ ಹಾಗೆ.

ಆವರಣದ ಬೇವಿನ ಮರದ ಕೆಳಗೆ ಚಾಕಿ ಅಕ್ಕ ಕಾದು ನಿಂತಿದ್ದರು. ಸಿಟ್ಟಿನ ಮುಖವಲ್ಲ.

"ದೊಡ್ಡ ಮನಸ್ಸು ಮಾಡಿದ್ರಿ ಟೀಚರಮ್ಮ. ಆದ್ರೆ ಚರ್ಚಿನಾಗೆ ಹೇಳಿ ಏನು ಬಂತು? ನನ್ನ ಕೈನ ಕರೆಯೋರು ಯಾರೂ ಚರ್ಚಿಗೆ ಬರಾಕಿಲ್ವಲ್ಲ."

ಅಷ್ಟು ಹೇಳಿ ಬಸ್ಸಿಗೆ ಹೊತ್ತಾಯಿತು ಎಂದು ಹೊರಟರು.

ನಾನು ತಪ್ಪೊಪ್ಪಿಕೊಂಡದ್ದು ನನಗೆ ಅನುಕೂಲವಾದ ಜಾಗದಲ್ಲಿ, ನನ್ನನ್ನು ಮಿಸ್ ಅನ್ನುವ ಜನರ ನಡುವೆ. ಆಕೆಯ ನಷ್ಟ ಇದ್ದದ್ದು ಬೇರೆ ಕಡೆ. ಅದನ್ನು ಅಲ್ಲೇ ಹೇಳಬೇಕು. ಗೌಡರ ಮನೆಯ ಮೊಟ್ಟೆ ಒಡೆಯುವುದಕ್ಕೆ ಮುಂಚೆ ಹೇಳಬೇಕು. ಇಡೀ ಊರು ಒಂದೇ ಕಡೆ ಸಿಗುವುದು ಎಲ್ಲಿ ಎಂದು ಉಪದೇಶಿಯನ್ನು ಕೇಳಿದೆ.

"ಹಾಲಿನ ಡೈರಿ ಹತ್ರ. ಬೆಳಿಗ್ಗೆ ಆರೂವರೆಗೆ. ಯಾಕೆ ಮಿಸ್?"

ಸೋಮವಾರ ಮೊದಲ ಬಸ್ಸಿಗೆ ಹೋದೆ. ಹೇಳಬೇಕಾದದ್ದನ್ನು ಪಾಯಿಂಟ್ ಪಾಯಿಂಟಾಗಿ ಒಂದು ಪೋಸ್ಟ್‌ಕಾರ್ಡಿನ ಮೇಲೆ ಬರೆದುಕೊಂಡಿದ್ದೆ. ಡೈರಿಯ ಮುಂದೆ ಕ್ಯಾನು, ಬಕೆಟ್ಟು, ಸೊಂಟಕ್ಕೆ ಸೆರಗು ಸಿಕ್ಕಿಸಿದ ಹೆಂಗಸರು, ಬೀಡಿ ಹಚ್ಚಿದ ಗಂಡಸರು. ಸೆಕ್ರೆಟರಿ ಹಾಲಿಗೆ ಲ್ಯಾಕ್ಟೋಮೀಟರ್ ಅದ್ದಿ ಅದ್ದಿ ನೋಡುತ್ತಿದ್ದರು. ಸಾಲಿನ ಮುಂದೆ ಒಬ್ಬ ಮುದುಕರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಯಾರವ್ವ ನೀನು? ಕ್ಯಾನೂ ಇಲ್ಲ, ಹಾಲೂ ಇಲ್ಲ, ಸಾಲ್ನಾಗೆ ನಿಂತಿದ್ದೀಯೆ."

"ಚನ್ನಪಟ್ಟಣದ ಕಾನ್ವೆಂಟಿನಲ್ಲಿ ಟೀಚರಾಗಿದ್ದೆ. ಚಾಕಿ ಅಕ್ಕನ ಹುಳು ಹೋದ ವಿಷಯ ಹೇಳುವುದಕ್ಕೆ ಬಂದೆ," ಎಂದೆ. ಪೋಸ್ಟ್‌ಕಾರ್ಡ್ ಕೈಯಲ್ಲೇ ಇತ್ತು, ಕನ್ನಡಕ ಬ್ಯಾಗಿನಲ್ಲಿತ್ತು. ಓದದೆ ಹೇಳಿದೆ. ಪ್ರಾರ್ಥನೆ ಪುಸ್ತಕ ಬರೆದದ್ದು ನಾನು. ಹುಳುಮನೆಯಲ್ಲಿ ಹೊಗೆ ಹಾಕಿ ಎಂದು ಅಚ್ಚು ಮಾಡಿಸಿದ್ದು ನಾನು. ಹೊಗೆ ಆಗುವುದಿಲ್ಲ ಎಂದು ಒಬ್ಬರು ಎಚ್ಚರಿಸಿದರೂ ಕೇಳದವಳು ನಾನು. ಆಕೆಯ ಕೈಯಲ್ಲಿ ದೋಷವಿಲ್ಲ.

ಸಾಲಿನ ನಡುವಿನಿಂದ ಒಬ್ಬ ಹೆಂಗಸು ಕೇಳಿದಳು. "ನೀವು ಹುಳ ಸಾಕಿದ್ರಾ?"

"ಇಲ್ಲ."

"ಹುಳುಮನೆ ಒಳಕ್ಕಾದ್ರೂ ಹೋಗಿದ್ರಾ?"

"ಇಲ್ಲ."

"ಮತ್ತೆ ಬರೆದ್ರಿ?"

"ಬರೆದೆ."

ಮುದುಕರಿಗೆ ನಗು ತಡೆಯಲಾಗಲಿಲ್ಲ. "ನಮ್ಮ ಇಸ್ಕೂಲ್ ಮೇಷ್ಟ್ರು ಬೋರ್ಡಿನ ಮ್ಯಾಲೆ ಈಜು ಕಲಿಸ್ದಂಗಾಯ್ತು ಕಣ್ಲಾ!" ಸಾಲಿಗೆ ಸಾಲೇ ನಕ್ಕಿತು. ಕ್ಲಾಸಿನಲ್ಲಿ ಇಷ್ಟು ಗಲಾಟೆಯಾದರೆ ನಾನು ಡಸ್ಟರಿನಿಂದ ಮೇಜು ಕುಟ್ಟುತ್ತಿದ್ದೆ. ಇಲ್ಲಿ ಮುಗಿಯುವವರೆಗೆ ಕಾದೆ.

ನಗದೆ ಇದ್ದವರು ಒಬ್ಬರೇ. ಎದುರುಮನೆಯ ಗೌಡತಿ ಎಂದು ಆಮೇಲೆ ತಿಳಿಯಿತು, ಪಕ್ಕದೂರಿನವಳಿಗೆ ಹೇಳಿಕಳಿಸಿದವರು. ಬಕೆಟ್ ಕೆಳಗಿಟ್ಟು ಹತ್ತಿರ ಬಂದರು.

"ನೀವು ಬರೆದ್ರಿ, ಸರಿ. ಅವಳಿಗಾದ್ರೂ ಬುದ್ಧಿ ಬ್ಯಾಡ್ವಾ? ಪುಸ್ತಕ ಹೇಳ್ತು ಅಂತ ಬಾವಿಗೆ ಬೀಳಾಕಾಯ್ತದಾ?"

"ದೇವರ ಪುಸ್ತಕ ಅಂತ ಮಾಡಿದರು. ತನಗೆ ಗೊತ್ತಿದ್ದದ್ದಕ್ಕಿಂತ ಅದು ದೊಡ್ಡದು ಅಂದುಕೊಂಡರು. ನಿಮ್ಮ ಪೂಜಾರಿ ಹೇಳಿದ್ದರೆ ನೀವು ಏನು ಮಾಡುತ್ತಿದ್ದಿರಿ?"

ಆಕೆ ನನ್ನ ಮುಖ ನೋಡಿದರು. ಸೆಕ್ರೆಟರಿ ಕರೆದಾಗ ಬಕೆಟ್ ಎತ್ತಿಕೊಂಡು ಹೋಗಿ ಹಾಲು ಹಾಕಿದರು. ಹೊರಡುವಾಗ, "ಎಂಟು ಗಂಟೆಗೆ ಬಸ್ಸು ಬತ್ತದೆ, ಬಿಸಿಲಿಗೆ ನಿಂತ್ಕಬೇಡಿ," ಅಂದರು. ಅಷ್ಟೇ. ಚಾಕಿ ಅಕ್ಕನ ಮನೆಗೆ ನಾನು ಹೋಗಲಿಲ್ಲ. ಸುದ್ದಿ ನನಗಿಂತ ಮೊದಲೇ ಹೋಗಿರುತ್ತದೆ ಎಂದು ಗೊತ್ತಿತ್ತು.

ವಾಪಸ್ ಬಂದವಳೇ ಫಾದರ್ ಹತ್ತಿರ ಹೋಗಿ, ಚೀಟಿ ಬೇಡ, ಪುಸ್ತಕಗಳನ್ನೇ ವಾಪಸ್ ತೆಗೆದುಕೊಳ್ಳೋಣ ಎಂದೆ. ಅವರು ಒಪ್ಪಿದರು. ಉಪದೇಶಿಯ ಮೊಪೆಡ್ಡಿನಲ್ಲಿ ನೀಲಿ ಪುಸ್ತಕಗಳು ಚೀಲಚೀಲವಾಗಿ ಬಂದವು. ಕೆಲವರು ಕೊಡಲಿಲ್ಲ, ತೀರ್ಥ ಬಿದ್ದದ್ದು ಎಂದು.

ಆಮೇಲೆ ಮಾಡಿದ ಕೆಲಸ ಮೊದಲೇ ಮಾಡಬೇಕಾಗಿದ್ದದ್ದು. ಒಂದೊಂದು ಪ್ರಾರ್ಥನೆಯನ್ನೂ ಆ ಕೆಲಸ ಮಾಡುವವರ ಹತ್ತಿರವೇ ತೆಗೆದುಕೊಂಡು ಹೋದೆ. ಬೊಂಬೆ ಕಡೆಯುವ ಒಬ್ಬರು 'ಕಣ್ಣು ಮುಚ್ಚಿ' ಎಂಬ ಕೆಂಪು ಅಕ್ಷರ ಓದಿ, ತಿರುಗುತ್ತಿದ್ದ ಲೇತ್ ತೋರಿಸಿ, "ಕಣ್ಣು ಮುಚ್ಚಿದ್ರೆ ಬೆರಳು ಇಲ್ಲೇ ಇರ್ತದೆ ಮಿಸ್, ನಾನು ಆಸ್ಪತ್ರೇಲಿರ್ತೀನಿ," ಅಂದರು. ತಿಪ್ಪಸಂದ್ರದ ಕಡೆಯ ಒಬ್ಬ ಬಾಣಂತಿ 'ಮಂಡಿಯೂರಿ' ಎಂದಿದ್ದನ್ನು ನೋಡಿ ನಕ್ಕಳು. ಒಂದೊಂದಾಗಿ ಕೆಂಪು ಅಕ್ಷರಗಳನ್ನೆಲ್ಲ ಹೊಡೆದುಹಾಕಿದೆ. ಮದರ್ ಸುಪೀರಿಯರ್ ನೋಡಿದ್ದರೆ ಏನನ್ನುತ್ತಿದ್ದರೋ. ಪ್ರತಿ ಸಾಲು ಹೊಡೆಯುವಾಗಲೂ ಅವರ ಮುಖ ಬಂದು ಹೋಗುತ್ತಿತ್ತು. ಆ ಕಪ್ಪು ರಟ್ಟಿನ ಪುಸ್ತಕ ಈಗಲೂ ನನ್ನ ತಲೆದಿಂಬಿನ ಹತ್ತಿರ ಇದೆ. ನನಗೆ ಅದೇ ಬೇಕು. ಅದು ಬೇರೆ ಮಾತು.

ಹುಳುಮನೆಯ ಪುಟ ಮಾತ್ರ ಖಾಲಿ ಉಳಿಯಿತು. ಅದನ್ನು ಕೇಳಲು ಯಾರ ಹತ್ತಿರ ಹೋಗಬೇಕೋ ಅವರ ಹತ್ತಿರ ಹೋಗುವ ಮುಖ ನನಗಿರಲಿಲ್ಲ. ಡಿಟಿಪಿ ಅಂಗಡಿಗೆ ಹೋಗಿ, "ಅವತ್ತು ನೀವು ಸರಿಯಾಗಿಯೇ ಹೇಳಿದಿರಿ, ನಾನು ಕೇಳಲಿಲ್ಲ," ಎಂದೆ. "ಅಯ್ಯೋ ಬುಡಿ ಮೇಡಂ. ನಾನೂ ಇನ್ನೊಂದ್ಸಲ ಹೇಳ್ಬೇಕಿತ್ತು, ಹೇಳ್ನಿಲ್ಲ," ಎಂದು ಅವರು ಸುಲಿದ ಅವರೆಕಾಳು ಒಂದು ಕವರಿನಲ್ಲಿ ಹಾಕಿಕೊಟ್ಟರು.

ಎದುರುಮನೆ ಗೌಡರ ಮೊಟ್ಟೆ ಒಡೆಯಬೇಕಿದ್ದ ವಾರದ ಭಾನುವಾರ. ಪೂಜೆಗೆ ಚಾಕಿ ಅಕ್ಕ ಬಂದಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಆಕೆಯ ಜಾಗದ ಪಕ್ಕದಲ್ಲೇ ನಾನು ಕೂತಿದ್ದೆ. ಬೈಬಲ್ ವಾಚನ ಮುಗಿಯಿತು, ಶುಭಸಂದೇಶ ಮುಗಿಯಿತು, ಫಾದರ್ ಪ್ರಸಂಗ ಹೇಳಲು ನಿಂತರು. ಇನ್ನು ಬರುವುದಿಲ್ಲ ಎಂದುಕೊಂಡೆ. ಪಕ್ಕದೂರಿನವಳೇ ಬಂದು ಚಾಕಿ ಕಟ್ಟಿರಬೇಕು, ಈಕೆಗೆ ಹೊರಗೆ ಮುಖ ತೋರಿಸುವುದು ಬೇಡವಾಗಿರಬೇಕು. ನಾನು ಮಾಡಬಹುದಾದದ್ದು ಇನ್ನೇನೂ ಉಳಿದಿರಲಿಲ್ಲ.

ಪ್ರಸಂಗದ ನಡುವೆ ಬಾಗಿಲ ಹತ್ತಿರ ಯಾರೋ ಚಪ್ಪಲಿ ಬಿಟ್ಟ ಸದ್ದಾಯಿತು. ಚಾಕಿ ಅಕ್ಕ ಸೆರಗು ಸರಿಮಾಡಿಕೊಳ್ಳುತ್ತಾ, ಏದುಸಿರು ಬಿಡುತ್ತಾ ಒಳಗೆ ಬಂದರು. ಬಸ್ಸಿಳಿದು ಓಡಿ ಬಂದಿರಬೇಕು. ರೆಡ್ ಆಕ್ಸೈಡ್ ನೆಲದ ಮೇಲೆ ಬಾಗಿಲಿನಿಂದ ನನ್ನ ಬೆಂಚಿನವರೆಗೂ ಒಂದೊಂದೇ ಹೆಜ್ಜೆ ಬೆಳ್ಳಗೆ ಮೂಡಿತ್ತು. ಕಾಲು ನೋಡಿದೆ. ಕಣಕಾಲಿನವರೆಗೂ ಸುಣ್ಣ.

ಆಕೆಯ ಸ್ವಂತ ಹುಳುಮನೆಯಲ್ಲಿ ಆಗ ಒಂದು ಹುಳುವೂ ಇರಲಿಲ್ಲ.

ಮೂವತ್ತನಾಲ್ಕು ವರ್ಷ ಅಸೆಂಬ್ಲಿಗೆ ತಡವಾಗಿ ಬಂದವರನ್ನು ಗೇಟಿನ ಹೊರಗೆ ನಿಲ್ಲಿಸಿದವಳು ನಾನು. ಬೆಂಚಿನಲ್ಲಿ ಒಂದಿಷ್ಟು ಒಳಕ್ಕೆ ಸರಿದು ಜಾಗ ಮಾಡಿದೆ. ಆಕೆ ಕೂತು, ಉಸಿರು ಹದಕ್ಕೆ ಬಂದ ಮೇಲೆ, ನನ್ನ ಕಡೆ ನೋಡದೆಯೇ ಪಿಸುಗುಟ್ಟಿದರು.

"ಹುಳುಮನೆ ಪ್ರಾರ್ಥನೆ ಬರ್ಕಳಿ ಟೀಚರಮ್ಮ, ಆಮ್ಯಾಕೆ ಹೇಳ್ತೀನಿ. ಉದ್ದ ಇಲ್ಲ. ಪುಕ್ಕ ಕೈಗೆ ತಗಳೋಷ್ಟರಲ್ಲಿ ಮುಗೀತದೆ."